ಮೀನು ಬಂದ ನೀರು

ಗಾಜಿನ ತೊಟ್ಟಿಯೊಳಗೆ ಹೊಸ ಹವಳದ ಬುಡದಲ್ಲಿ ಹೊಸ ಮೀನು ಮಗ್ಗುಲಾಗಿ ಬಿದ್ದು ಬಾಯಿ ತೆರೆದು ಮುಚ್ಚುತ್ತಿತ್ತು. ಅವ್ವ ದೇವರ ಗೂಡಿನಿಂದ ಕಾವೇರಿ ನೀರಿನ ಗಿಂಡಿ, ಒಂದು ಚಮಚ ತಂದು ತೊಟ್ಟಿಯ ಮುಂದೆ ನಿಂತಳು. ನಾನು ಕೈ ಅಡ್ಡ ಹಿಡಿದೆ.

"ಬ್ಯಾಡ ಕಣವ್ವ, ಇದು ಸಮುದ್ರದ್ದು. ಸಿಹಿನೀರು ಇದ್ಕೆ ಆಗಲ್ಲ."

ತೊಂಬತ್ತರ ದಶಕದಲ್ಲಿ ಪಾಂಡವಪುರದ ನಮ್ಮ ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟಿದ್ದೆ. ಆ ಮೀನು, ಹವಳ ಎರಡನ್ನೂ ಬೆಂಗಳೂರಿನಲ್ಲಿ ಚೌಕಾಸಿ ಮಾಡಿ ತಂದಿದ್ದೆ. ಅಂಗಡಿಯವರು ನೀರು ತುಂಬಿ ಮೀನು ಹಾಕಿಕೊಟ್ಟ ಪ್ಯಾಕೆಟ್ಟಿಗೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಒಳಗೆ ಬಿಟ್ಟಿದ್ದೆ. ಅಂಗಡಿಯ ನೀರಿನ ಜೊತೆ ರೋಗವೂ ಬರುತ್ತದೆ, ಅದರ ಒಂದು ಹನಿಯೂ ತೊಟ್ಟಿಗೆ ಬೀಳಬಾರದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದವನು ನಾನು.

ಅವ್ವ ಗಿಂಡಿಯನ್ನು ಕೆಳಗಿಟ್ಟಳು. ಅಪ್ಪ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವಳಿನ್ನೂ ದಾರಿಯಲ್ಲಿ, ಬಸ್ಸಿನಲ್ಲಿದ್ದಳು.

"ನಿಮ್ಮಪ್ಪುಂಗೂ ಬಾಯಿಗೆ ನೀರ್ ಬುಡಾಕಾಗ್ನಿಲ್ಲ. ಇದು ಯಾವ ನೀರಲ್ಲಿ ಬಂತೋ ಅದ್ನೇ ಬುಡ್ತೀನಿ, ಕೊಡು ಮಗ."

ಚೆಲ್ಲಲೆಂದು ಬಕೆಟ್ಟಿನಲ್ಲಿಟ್ಟಿದ್ದ ಪ್ಯಾಕೆಟ್ಟನ್ನು ನಾನೇ ಅವಳ ಮುಂದೆ ಬಿಚ್ಚಿ ಹಿಡಿದೆ. ಅವಳು ಎಡಗೈಯಲ್ಲಿ ಮೀನನ್ನು ಮೇಲಕ್ಕೆತ್ತಿ, ಅದರ ಬಾಯಿಗೆ ಒಂದು ಚಮಚ ಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅದು ಅವಳ ಅಂಗೈಯಲ್ಲೇ ಸುಮ್ಮನಾಯಿತು. ಅಂಗಡಿಯ ನೀರು ತೊಟ್ಟಿಗೂ ಬಿತ್ತು. ನಾನು ಪ್ಯಾಕೆಟ್ಟನ್ನು ಹಾಗೇ ಹಿಡಿದುಕೊಂಡಿದ್ದೆ.

ಹೊಸ ಮೀನು ತರುವವರಿಗೆ ಈಗಲೂ ಹೇಳುತ್ತೇನೆ: ಅಂಗಡಿಯ ನೀರನ್ನು ತೊಟ್ಟಿಗೆ ಸುರಿಯಬೇಡಿ. ಆದರೆ ಮೀನು ಚೇತರಿಸಿಕೊಂಡು ಈಜುವವರೆಗೆ ಆ ನೀರನ್ನು ಒಂದು ಲೋಟದಷ್ಟು ಎತ್ತಿಟ್ಟುಕೊಂಡಿರಿ.