ಇಲಿಯಾಸ್ ಮೇಷ್ಟ್ರ ಅಚ್ಚುಕಟ್ಟು ಕಾಗದ

ಇಲಿಯಾಸ್ ಮೇಷ್ಟ್ರ ಕೈಗೆ ಲಗ್ನಪತ್ರಿಕೆ ಕೊಟ್ಟರೆ ಗಂಡು ಯಾರು, ಹೆಣ್ಣು ಯಾರು, ಮುಹೂರ್ತ ಯಾವತ್ತು ಎಂಬುದನ್ನು ಅವರು ನೋಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ತಾಗಿದ್ದರೆ ಮುಗಿಯಿತು. "ಅರೆರೆ, ಕೆಳಗ್ನೋನ ತಲೆ ಮ್ಯಾಲೆ ಕಾಲಿಟ್ಟವ್ನಲ್ಲ ಮೇಡಮ್ಮೋರೆ" ಎಂದು ಮನೆಯವರಿಗೆ ಏನೋ ಆದವರ ಹಾಗೆ ನೊಂದುಕೊಳ್ಳುತ್ತಿದ್ದರು. ಕೊಟ್ಟವರು ಮದುವೆಗೆ ಬನ್ನಿ ಎಂದು ಕರೆದದ್ದು ಅವರಿಗೆ ಕೇಳಿಸಿಯೇ ಇರುತ್ತಿರಲಿಲ್ಲ.

ಕೆ.ಆರ್. ಪೇಟೆಯ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಅವರು ಗಣಿತ, ನಾನು ಕನ್ನಡ. ನಾನು ನಾಗಮಂಗಲದವಳು, ಪೇಟೆಯಲ್ಲೇ ರೂಮು ಮಾಡಿಕೊಂಡಿದ್ದೆ. ಅವರದು ಶ್ರೀರಂಗಪಟ್ಟಣ. ದಿನವೂ ಬೆಳಿಗ್ಗೆ ಪಾಂಡವಪುರದ ಮೇಲೆ ಬಸ್ಸಿನಲ್ಲಿ ಬಂದು, ಸಂಜೆ ಅದೇ ದಾರಿಯಲ್ಲಿ ಹಿಂತಿರುಗುತ್ತಿದ್ದರು. ತೆಳ್ಳಗಿನ ಆಳು. ಜೇಬಿನಲ್ಲಿ ಸದಾ ಕಂಪ್ಯೂಟರಿನ ಒಂದು ಫ್ಲಾಪಿ. ಬಿಸಿಲು ತಾಗದಿರಲೆಂದು ಅದನ್ನು ಅವರ ಹೆಂಡತಿ ಬೇಗಮ್ಮ ಹೊಲಿದುಕೊಟ್ಟ ಹಸಿರು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು.

ಕಾಲೇಜಿಗೆ ಒಂದು ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅದರ ಮೇಲೆ ಹೊದಿಸಿದ್ದ ಬಟ್ಟೆಯನ್ನು ತೆಗೆಯುವ ಧೈರ್ಯ ಇದ್ದದ್ದು ಇಲಿಯಾಸ್ ಮೇಷ್ಟ್ರಿಗೊಬ್ಬರಿಗೇ. ಬೇಸಿಗೆಯಲ್ಲಿ ಮೈಸೂರಿಗೆ ಹೋಗಿ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದಿದ್ದರು. ಪರದೆಯ ತುಂಬ ಬರೀ ಕಂಸಗಳು. ಅದರಲ್ಲಿ ಅವರು ಪುಟ ಕಟ್ಟುವ ಪುಟ್ಟ ಪುಟ್ಟ ಫಂಕ್ಷನ್‌ಗಳನ್ನು ಬರೆದಿಟ್ಟುಕೊಂಡಿದ್ದರು. ಒಂದು ಫಂಕ್ಷನ್ ಪದಗಳನ್ನು ತೆಗೆದುಕೊಂಡು ಸಾಲು ಕೊಡುತ್ತಿತ್ತು. ಇನ್ನೊಂದು ಸಾಲುಗಳಿಂದ ಪ್ಯಾರಾ, ಮತ್ತೊಂದು ಪ್ಯಾರಾಗಳಿಂದ ಪುಟ ಮಾಡುತ್ತಿತ್ತು. ಕೊನೆಗೆ ಅವೆಲ್ಲ ಸೇರಿ, ಅಕ್ಷರ ಜೋಡಿಸುವ ಬೇರೊಂದು ಸಾಫ್ಟ್‌ವೇರಿಗೆ ಏನೇನು ಮಾಡಬೇಕೆಂದು ಆಜ್ಞೆ ಬರೆದುಕೊಡುತ್ತಿದ್ದವು. ಮೇಷ್ಟ್ರು ಕೈಯಿಂದ ಪುಟ ಮುಟ್ಟುತ್ತಲೇ ಇರಲಿಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವಂತಿದ್ದರೆ ಸಾಲನ್ನು ಕೂದಲೆಳೆಯಷ್ಟು ಸರಿಸುವುದಕ್ಕೇ ಒಂದು ಫಂಕ್ಷನ್ ಇತ್ತು. ಅದನ್ನು ಬರೆದ ದಿನ ಸ್ಟಾಫ್ ರೂಮಿಗೆಲ್ಲ ಮೈಸೂರು ಪಾಕು ಹಂಚಿದ್ದರು.

"ಫಂಕ್ಷನ್ನು ಅಂದ್ರೆ ಯಾರ್ ಮನೇದು ಸಾ? ಊಟ ಐತಾ?" ಎಂದು ಅಟೆಂಡರ್ ನಿಂಗಣ್ಣ ಕೇಳಿದ್ದ.

ಮೇಷ್ಟ್ರು ನಗಲಿಲ್ಲ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಹಿಟ್ಟಿನ ಮಿಲ್ಲು ಅಂದ್ಕೋ ನಿಂಗಣ್ಣ. ರಾಗಿ ಹಾಕಿದ್ರೆ ರಾಗಿ ಹಿಟ್ಟು, ಅಕ್ಕಿ ಹಾಕಿದ್ರೆ ಅಕ್ಕಿ ಹಿಟ್ಟು. ಆದ್ರೆ ನಿಮ್ಮ ಮಿಲ್ಲಲ್ಲಿ ಮುಂದುಗಡೆಯೋರು ಮೆಣಸಿನಕಾಯಿ ಬೀಸ್ಸಿದ್ರೆ ನಿನ್ನ ರಾಗಿ ಹಿಟ್ಟೂ ಖಾರ ಆಯ್ತದೆ. ನನ್ನ ಮಿಲ್ಲು ಹಂಗಲ್ಲ. ಹಿಂದೆ ಏನು ಬೀಸಿದ್ರೂ ನೆನಪಿಟ್ಕೊಳಲ್ಲ. ಈಗ ಏನು ಹಾಕ್ತೀಯೋ ಅದರ ಹಿಟ್ಟು, ಅಷ್ಟೇ."

"ಕಲ್ ಆಕುದ್ರೆ ಸಾ?"

"ಕಲ್ಲಿನ ಹಿಟ್ಟು ಬತ್ತದೆ" ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿದ್ದರು.

ಆ ವರ್ಷ ಮೇಷ್ಟ್ರು ಈ ಫಂಕ್ಷನ್‌ಗಳಿಂದ ಮಾಡಿದ ಪ್ರಶ್ನೆಪತ್ರಿಕೆಗಳನ್ನು ನೋಡಲು ಬೇರೆ ಕಾಲೇಜಿನವರು ಬಂದು ಹೋದರು. ಒಂದೇ ಲೆಕ್ಕ, ಬೆಂಚಿಗೊಂದು ಬೇರೆ ಬೇರೆ ಅಂಕಿ. ಮುಂದಿನವನದು ನೋಡಿ ಬರೆಯುವಂತಿಲ್ಲ. ಮೇಷ್ಟ್ರು ಫ್ಲಾಪಿಯನ್ನು ಮೈಸೂರಿನಲ್ಲಿ ಅವರ ಭಾವಮೈದುನನ ಡಿ.ಟಿ.ಪಿ. ಅಂಗಡಿಗೆ ಒಯ್ದು ಲೇಸರ್ ಪ್ರಿಂಟರಿನಲ್ಲಿ ತೆಗೆಸುತ್ತಿದ್ದರು. ಸೈಕ್ಲೋಸ್ಟೈಲಿನ ಮಸಿ ಕಾಗದ ಕಂಡಿದ್ದ ನಮಗೆ ಅದು ಪಠ್ಯಪುಸ್ತಕವೇ ಅನ್ನಿಸುತ್ತಿತ್ತು. ಅದನ್ನು ಕಂಡೇ ಪ್ರಿನ್ಸಿಪಾಲರಿಗೆ ಆ ಆಲೋಚನೆ ಹೊಳೆದದ್ದು. ಹಾಜರಾತಿ ಕಡಿಮೆ ಇರುವ ಮಕ್ಕಳ ಮನೆಗಳಿಗೆಲ್ಲ ಇದೇ ರೀತಿ ಅಚ್ಚುಕಟ್ಟಾದ ಕಾಗದ ಹೋಗಲಿ, ಅಪ್ಪಂದಿರು ಹೆದರಲಿ ಎಂದರು.

ಮೇಷ್ಟ್ರು ಉತ್ಸಾಹದಿಂದ ಕೂತರು. ಹಾಜರಾತಿ ಎಷ್ಟಿದೆಯೋ ಅದಕ್ಕೆ ತಕ್ಕ ಮಾತನ್ನು ಆರಿಸುವ ಫಂಕ್ಷನ್ ಬರೆದರು. ಸ್ವಲ್ಪ ಕಡಿಮೆ ಇದ್ದರೆ ಮೆದುವಾದ ಒಂದು ಮಾತು, ತೀರಾ ಕಡಿಮೆಯಾದರೆ ಗಟ್ಟಿಯಾದದ್ದು. ಸೊನ್ನೆಯಿದ್ದರೆ ಬರುವ ವಾಕ್ಯವನ್ನು ನನಗೆ ಓದಿ ಹೇಳಿ, ಕನ್ನಡ ಸರಿಯಿದೆಯೇ ಎಂದು ಕೇಳಿದ್ದರು. "ತಮ್ಮ ಮಗ/ಮಗಳು ಒಂದು ದಿನವೂ ತರಗತಿಗೆ ಹಾಜರಾಗಿರುವುದಿಲ್ಲ. ಕಾಲೇಜಿಗೆಂದು ಮನೆಯಿಂದ ಹೊರಟವರು ಎಲ್ಲಿಗೆ ಹೋಗುತ್ತಿದ್ದಾರೆಂಬುದನ್ನು ಪೋಷಕರು ವಿಚಾರಿಸಿಕೊಳ್ಳತಕ್ಕದ್ದು." ಚೆನ್ನಾಗಿದೆ ಎಂದೆ. "ಮಗ/ಮಗಳು" ಎಂಬ ಗೀಟು ಬೇಡ, ಹುಡುಗಿಯಾದರೆ ಮಗಳು ಎಂದಷ್ಟೇ ಬರಲಿ ಎಂದೆ. ಅದಕ್ಕೂ ಒಂದು ಫಂಕ್ಷನ್ ಸೇರಿತು.

ಸವಿತಾ ಎಂಬ ಹುಡುಗಿ ಸಂತೆಬಾಚಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಎರಡನೇ ಪಿ.ಯು.ಸಿ. ಗಣಿತದಲ್ಲಿ ಚುರುಕು. ನನ್ನ ತರಗತಿಯಲ್ಲೂ ಮುಂದಿನ ಬೆಂಚು. ಅವಳು ಬರುವುದು ನಿಂತಾಗ ಜ್ವರವಿರಬೇಕು ಎಂದುಕೊಂಡೆ. ಆಮೇಲೆ ಅವಳ ಗೆಳತಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು: "ಮಿಸ್, ಸವಿತಾನ ಕಾಲೇಜು ಬುಡ್ಸುಬುಟ್ರು. ಕಾಲೇಜಿಂದ ಕಾಗ್ದ ಬಂದಿತ್ತಂತೆ, ಒಂದಿನಾನೂ ಬಂದಿಲ್ಲ ಅಂತ. ಅವ್ರಪ್ಪ ಸಿಕ್ಕಾಪಟ್ಟೆ ಒಡುದ್ರು. ಪಾಲಹಳ್ಳಿಗೆ ಮದ್ವೆ ಗೊತ್ತಾಗೈತೆ."

ಮೇಷ್ಟ್ರು ಎದ್ದು ಕಂಪ್ಯೂಟರಿನ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಸವಿತಾ ನಡುವೆ ಸೆಕ್ಷನ್ ಬದಲಾಯಿಸಿಕೊಂಡಿದ್ದಳು. ಎರಡೂ ಕಡೆಯ ಹಾಜರಿಯನ್ನು ಕೂಡಿಸಿ ಆಮೇಲೆ ತುಂಬೋಣವೆಂದು ಗುಮಾಸ್ತರು ಅವಳ ಹೆಸರಿನ ಮುಂದೆ ಏನೂ ಬರೆಯದೆ ಬಿಟ್ಟಿದ್ದರು. ಮೇಷ್ಟ್ರ ಫಂಕ್ಷನ್ ಆ ಖಾಲಿಯನ್ನು ಸೊನ್ನೆ ಎಂದು ತಿಳಿಯಿತು. ರಾಶಿಯಾಗಿ ಬಂದ ಕಾಗದಗಳನ್ನು ಒಂದೊಂದಾಗಿ ಓದಿ ನೋಡದೆಯೇ ಅಂಚೆಗೆ ಹಾಕಿದ್ದರು.

"ಗುಮಾಸ್ತರು ತುಂಬಬೇಕಿತ್ತು ಮೇಷ್ಟ್ರೆ" ಎಂದೆ.

"ಇಲ್ಲ ಮೇಡಮ್ಮೋರೆ." ಅವರು ಪರದೆಯ ಒಂದು ಸಾಲಿನ ಮೇಲೆ ಬೆರಳಿಟ್ಟಿದ್ದರು. "ಖಾಲಿ ಇದ್ರೆ ಸೊನ್ನೆ ತಗೋ ಅಂತ ಇಲ್ಲಿ ಬರ್ದೋನು ನಾನು. ಪ್ರೋಗ್ರಾಮು ಅರ್ಧಕ್ಕೆ ನಿಲ್ಬಾರ್ದು ಅಂತ. ಗೊತ್ತಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ. ಗಣಿತದ ಮೇಷ್ಟ್ರು ನಾನು. ಯಾ ಅಲ್ಲಾ."

ಆ ಮಧ್ಯಾಹ್ನವೇ ಹೊರಟೆವು. ಹೆಣ್ಣುಮಗಳ ವಿಷಯ, ನೀವೂ ಬನ್ನಿ ಎಂದು ನನ್ನನ್ನು ಕರೆದರು. ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ನಡೆದೆವು. ದಾರಿಯುದ್ದಕ್ಕೂ ಅವರು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸುತ್ತಿದ್ದರು. ಗೌಡರೆ ತಪ್ಪಾಗಿದೆ, ತಪ್ಪು ನಮ್ಮದು, ತಪ್ಪು ನನ್ನದು.

ಸವಿತಾಳ ಅಪ್ಪ ಚಿಕ್ಕೇಗೌಡರು ಹಸುವಿಗೆ ಹಿಂಡಿ ಕಲಸುತ್ತಿದ್ದವರು ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂರಿಸಿದರು. ಮೇಷ್ಟ್ರು ಕೂರಲಿಲ್ಲ. ನಿಂತೇ ಹೇಳಿದರು. ಹೇಳುವುದೆಲ್ಲ ಮುಗಿದ ಮೇಲೆ ಗೌಡರು ಎದ್ದರು. ಒಳಗೆ ಹೋಗಿ ಕಾಗದ ತಂದರು. ಅದು ಮಡಿಕೆಯೂ ಸರಿಯಾಗಿ ಬೀಳದಂಥ ಗಟ್ಟಿ ಕಾಗದ. ಸಾಲುಗಳ ಎರಡೂ ಅಂಚು ದಾರ ಹಿಡಿದ ಹಾಗಿದ್ದವು. ಒಂದು ಒತ್ತಕ್ಷರವೂ ಎಲ್ಲೂ ತಾಗಿರಲಿಲ್ಲ.

"ಇದು ಸುಳ್ಳಾ ಸ್ವಾಮಿ?"

"ಸುಳ್ಳು ಗೌಡ್ರೆ."

"ಕೈಲಿ ಬರ್ದು ಕಳ್ಸಿದ್ರೆ ಏನೋ ಯಾರೋ ಬರ್ದವ್ರೆ ಅಂತ ನಾನೇ ಬಂದು ಕೇಳ್ತಿದ್ದೆ. ಇಂಗೆ ಅಚ್ಚಾಕ್ಸಿ, ಮಗ್ಳ ಎಸ್ರು, ನನ್ನೆಸ್ರು, ಊರೆಸ್ರು ಎಲ್ಲ ಅಚ್ಚಾಕ್ಸಿ ಕಳ್ಸಿದ್ರೆ..." ಗೌಡರು ಕಾಗದವನ್ನು ಜಗಲಿಯ ಮೇಲಿಟ್ಟರು. "ಇಲ್ಲ ಕಣಪ್ಪೋ, ನಾ ದಿನಾ ಓಗಿವ್ನಿ ಅಂತ ಕಾಲ್ಗೆ ಬಿದ್ಲು ಕಣ್ರೀ. ಕಾಗ್ದ ಸುಳ್ಳೇಳ್ತದಾ ಅಂತ ಒಡ್ದುಬುಟ್ಟೆ."

ಬಾಗಿಲ ಹಿಂದೆ ಸವಿತಾ ನಿಂತಿದ್ದಳು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಕೊಟ್ಟಳು, ಆದರೆ ಹಿಡಿದುಕೊಳ್ಳಲಿಲ್ಲ.

ಮೇಷ್ಟ್ರು ಪಾಲಹಳ್ಳಿಗೆ ನಾನೇ ಹೋಗುತ್ತೇನೆ, ಗಂಡಿನ ಕಡೆಯವರಿಗೆ ಎಲ್ಲ ಹೇಳಿ ಮದುವೆ ಮುಂದಕ್ಕೆ ಹಾಕಿಸುತ್ತೇನೆ ಎಂದರು. ಗೌಡರು ಗಾಬರಿಯಾದರು. "ಬ್ಯಾಡಿ ಮೇಷ್ಟ್ರೆ, ನಿಮ್ ದಮ್ಮಯ್ಯ. ಇಂಗೊಂದು ಕಾಗ್ದ ಬಂದಿತ್ತು ಅಂತ ಅವ್ರಿಗೆ ಗೊತ್ತಿಲ್ಲ. ನೀವು ತಪ್ಪು ಅಂತೀರಾ. ಅವ್ರು ಬೆಂಕಿ ಇಲ್ದೆ ಒಗೆ ಆಡ್ತದಾ ಅಂತಾರೆ. ವೀಳ್ಯ ಆಗೋಗೈತೆ. ಮಾತ್ ಕೊಟ್ಬುಟ್ಟಿವ್ನಿ."

ಅಲ್ಲಿಗೆ ಮೇಷ್ಟ್ರು ಜಗಲಿಯ ಮೇಲೆ ಕೂತರು. ತಪ್ಪನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳುವುದಕ್ಕೂ ಅವರಿಗೆ ದಾರಿಯಿರಲಿಲ್ಲ. ಒಪ್ಪಿಕೊಂಡಷ್ಟೂ ಕೆಡುವುದು ಅವಳ ಹೆಸರೇ. ಅವಳಿಗೆ ಪರೀಕ್ಷೆಯನ್ನಾದರೂ ಬರೆಯಲು ಬಿಡಿ ಎಂದು ಕೇಳಿಕೊಂಡರು. ಗೌಡರು ತಲೆಯಾಡಿಸಿದರು. ಮದುವೆಯಾದ ಹೊಸದರಲ್ಲೇ ಸವಿತಾ ಬಂದು ಪರೀಕ್ಷೆ ಬರೆದಳು. ಒಳ್ಳೆಯ ದರ್ಜೆಯಲ್ಲೇ ಪಾಸಾದಳು. ಇಂಜಿನಿಯರಿಂಗ್ ಓದಬೇಕೆಂದಿದ್ದ ಹುಡುಗಿಯ ಓದು ಅಲ್ಲಿಗೆ ನಿಂತಿತು.

ಇದಾದ ಮೇಲೆ ಮೇಷ್ಟ್ರು ಬೇರೆಯೇ ಮನುಷ್ಯರಾದರು. ಹಳೆಯ ಫಂಕ್ಷನ್‌ಗಳನ್ನೆಲ್ಲ ಒಂದೊಂದಾಗಿ ತಿದ್ದಿದರು. ಎಲ್ಲಾದರೂ ಒಂದು ಖಾಲಿ ಸಿಕ್ಕರೆ ಕೆಲಸವೇ ನಿಂತು, ಪರದೆಯ ಮೇಲೆ "ಗೊತ್ತಿಲ್ಲ. ಹೋಗಿ ಕೇಳಿ" ಎಂದು ಬರುತ್ತಿತ್ತು. ಪ್ರಿನ್ಸಿಪಾಲರು ಸಿಡುಕಿದರು, ಗುಮಾಸ್ತರು ಗೊಣಗಿದರು. ಮನೆಗಳಿಗೆ ಕಳಿಸುವ ಕಾಗದಗಳನ್ನು ಮಾತ್ರ ಕಂಪ್ಯೂಟರಿನಲ್ಲಿ ಮಾಡಲು ಅವರು ಒಪ್ಪಲೇ ಇಲ್ಲ. ಕೈಯಲ್ಲೇ ಬರೆಯುತ್ತಿದ್ದರು. ಅಕ್ಷರ ಅಂದವಾಗಿರಲಿಲ್ಲ. ಬೇಕೆಂದೇ ಅಲ್ಲಲ್ಲಿ ಹೊಡೆದು ಬರೆಯುತ್ತಾರೇನೋ ಎಂದು ನನಗೆ ಅನುಮಾನವಿತ್ತು. ಕೇಳಿದ್ದಕ್ಕೆ, "ಓದೋರಿಗೆ ಇದು ಒಬ್ಬ ಮನುಷ್ಯ ಬರ್ದಿದ್ದು, ತಪ್ಪಿರಬೌದು ಅಂತ ಗೊತ್ತಾಗ್ಲಿ" ಎಂದರು.

ಮುಂದೆ ನಾನು ಕೆ.ಆರ್.ಎಸ್. ಕಡೆ ಹೋಗಿದ್ದಾಗ ಪಾಲಹಳ್ಳಿಯಲ್ಲಿ ಇಳಿದು ಸವಿತಾಳನ್ನು ನೋಡಿದೆ. ಸೊಂಟದಲ್ಲಿ ಮಗುವಿತ್ತು. ಗಂಡ ಒಳ್ಳೆಯವನು. ಊರಿನ ಹೆಂಗಸರ ಹಾಲಿನ ಸಂಘದ ಲೆಕ್ಕ ಬರೆಯುವವಳು ಅವಳೇ. ಮೇಷ್ಟ್ರು ಇನ್ನೂ ಕೊರಗುತ್ತಿದ್ದಾರೆ ಎಂದೆ. ಅವಳು ಮಗುವಿನ ತಲೆ ಸವರಿದಳು.

"ಮೇಷ್ಟ್ರು ತಪ್ಪು ಅಂತ ಗೊತ್ತಾದ ದಿನಾನೇ ಬಂದ್ರಲ್ಲ ಮಿಸ್. ನಮ್ಮಪ್ಪ ನನ್ ಮಾತು ನಂಬ್ಲಿಲ್ಲ. ಅದು ಮೇಷ್ಟ್ರ ತಪ್ಪಲ್ಲ ಬುಡಿ."

ಈ ಮಾತು ಅವರ ಎದೆಯ ಭಾರವನ್ನು ಇಳಿಸುತ್ತದೆಂದು ನಾನು ನಂಬಿದೆ. ಅವರು ಆಗ ನಮ್ಮ ಕಾಲೇಜು ಬಿಟ್ಟು ಮನೆಗೆ ಹತ್ತಿರವೆಂದು ಪಾಂಡವಪುರದಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ತಲೆ ಪೂರ್ತಿ ನರೆತಿತ್ತು. ಸವಿತಾಳ ಮಾತನ್ನು ಹಾಗೆಯೇ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ದೊಡ್ಡ ಮನ್ಸು ಆ ಹುಡ್ಗೀದು. ಆದ್ರೆ ಮೇಡಮ್ಮೋರೆ, ಅಪ್ಪ ಮಗ್ಳನ್ನ ನಂಬ್ಕೊಂಡೇ ಇದ್ದ. ನಂಬದೇ ಇರೋ ಹಂಗೆ ಮಾಡಿದ್ದು ಯಾರು? ನಾನು ಅವ್ಳ ಓದು ಕೆಡಿಸ್ದೆ ಅಂದ್ಕೊಂಡಿದ್ದೆ. ಅವ್ಳಪ್ಪನ್ನೂ ಕಿತ್ಕೊಂಡೆ ಅಂತ ಈಗ ಗೊತ್ತಾಯ್ತು."

ಸಮಾಧಾನ ಹೇಳಲು ಹೋದವಳು ಇನ್ನೊಂದು ಕಲ್ಲು ಹೇರಿ ಬಂದೆ. ಶ್ರೀರಂಗಪಟ್ಟಣದ ಬಸ್ಸು ಬಂದು ಹೋಯಿತು, ಅವರು ಹತ್ತಲಿಲ್ಲ. ನನ್ನ ಬಸ್ಸು ಬಂದಾಗ ಎದ್ದು ನಿಂತು, ಯಾವಾಗಿನಂತೆ ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಅದೇ ಕೊನೆ.

ಮರುವರ್ಷ ರಂಜಾನ್ ಕಳೆದ ಮೇಲೆ ಸುದ್ದಿ ಬಂತು. ಹೃದಯಾಘಾತ. ಮಣ್ಣಾಗಿ ವಾರದ ಮೇಲಾಗಿತ್ತು. ಪಾಲಹಳ್ಳಿಯಿಂದ ಸವಿತಾಳನ್ನೂ ಕರೆದುಕೊಂಡು ಶ್ರೀರಂಗಪಟ್ಟಣದ ಆ ಮನೆಗೆ ಹೋದೆ. ಬೇಗಮ್ಮ ಚಾಪೆ ಹಾಸಿದರು. ಇವಳು ಮೇಷ್ಟ್ರ ಸ್ಟೂಡೆಂಟು, ಸವಿತಾ ಎಂದೆ.

ಬೇಗಮ್ಮ ಹಾಗೆಯೇ ನಿಂತುಬಿಟ್ಟರು. ಬಗ್ಗಿ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ನೀನೇನಾ ಬೇಟಿ? ನಮಾಜ್ ಆದ್ಮೇಲೆ ದಿನಾ ದುವಾದಲ್ಲಿ ನಿನ್ನ ಹೆಸ್ರು ತಗೊಳ್ತಿದ್ರು. ನಮ್ಮ ಮಕ್ಕಳ ಹೆಸ್ರಿಗಿಂತ ಮುಂಚೆ. ಯಾರು ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲ." ಅವರು ಪಕ್ಕದಲ್ಲೇ ಕೂತರು. "ನಿಂಗೆ ಏನು ಕಷ್ಟ ಇತ್ತು ಬೇಟಿ, ಅಷ್ಟೊಂದು ಬೇಡ್ಕೊಳ್ತಿದ್ರು?"

ನಾನು ಸವಿತಾಳ ಕಡೆ ನೋಡಲಾರದೆ ನೆಲ ನೋಡಿದೆ.

"ಏನೂ ಇಲ್ಲ ಕಣಮ್ಮ" ಎಂದಳು ಸವಿತಾ. ದನಿ ಸ್ವಲ್ಪವೂ ಅಲುಗಲಿಲ್ಲ. "ನಂಗೆ ಲೆಕ್ಕ ಏಳ್ಕೊಟ್ಟೋರು. ಚೆನ್ನಾಗಿ ಏಳ್ಕೊಡ್ತಿದ್ರು."

ಬೇಗಮ್ಮ ಚಹಾ ತರಲು ಒಳಗೆ ಹೋದರು. ಆಗ ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.