ವಿಶಾಲಕ್ಕ ಮರದಲ್ಲೇ ಬಿಟ್ಟ ಹಣ್ಣು

ಅಂಗಳದಲ್ಲಿ ಚಾಪೆ ಹಾಸಿ ಕಾಳುಮೆಣಸು ತುಳಿಯುತ್ತಿದ್ದೆ. ಜಗಲಿಯ ಕಂಬ ಹಿಡಿದುಕೊಂಡು ಪಾದ ಹೊರಳಿಸುತ್ತಾ ಹೋದರೆ ತೆನೆಯಿಂದ ಕಾಳು ಕಳಚಿಕೊಳ್ಳುತ್ತದೆ. ತುಳಿಯುವಷ್ಟು ಹೊತ್ತು ಏನೂ ಅನಿಸುವುದಿಲ್ಲ, ನಿಲ್ಲಿಸಿದರೆ ಅಂಗಾಲು ಉರಿಯುತ್ತದೆ. ಆಗಲೇ ನಮ್ಮನೆಯವರ ಫೋನು ಹೊಡೆದುಕೊಂಡಿತು. ಮೈಸೂರಿನಿಂದ ವಿಶಾಲಕ್ಕನ ಮಗಳು. ಅವರು "ಹಾಂ, ಹಾಂ" ಅಂದರು, ಆಮೇಲೆ ಜಗಲಿಯ ಮೇಲೆ ಕೂತುಬಿಟ್ಟರು.

"ಅತ್ತಿಗೆ ಹೋದ್ರಂತೆ ಕಣೇ. ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ರಂತೆ. ಅಷ್ಟೇಯ."

ನನಗೆ ಮೊದಲು ಬಂದದ್ದು ಅಳುವಲ್ಲ. ಇಷ್ಟು ಸಲೀಸಾದ ಸಾವೂ ಅವಳಿಗೇ ಸಿಕ್ಕಿತಲ್ಲ ಎಂಬ ಹೊಟ್ಟೆಯುರಿ. ನಮ್ಮತ್ತೆ ಎರಡು ವರ್ಷ ಹಾಸಿಗೆ ಹಿಡಿದು, ಬೆನ್ನು ಹುಣ್ಣಾಗಿ ಹೋದರು. ಇವಳು ಬಿಸಿ ಕಾಫಿ ಕುಡಿದು ಹೋದಳು. ನಾನು ಮಾರಮ್ಮನಿಗೆ ಕೈಮುಗಿಯುವ ಹೆಂಗಸು, ಸುಳ್ಳು ಹೇಳಲಾರೆ. ಅನಿಸಿದ್ದು ಇದೇ.

ವಿಶಾಲಕ್ಕ ನನ್ನ ಓರಗಿತ್ತಿ. ನಮ್ಮನೆಯವರ ಅಣ್ಣನ ಹೆಂಡತಿ. ಮದುವೆಯಾದ ತಿಂಗಳಿಗೇ ಗಂಡನ ಜೊತೆ ಮೈಸೂರಿಗೆ ಹೋದವಳು. ಭಾವನವರು ಅಲ್ಲಿ ಒಂದು ಅಚ್ಚುಕೂಟದಲ್ಲಿದ್ದರು. ಒಂದೇ ವಠಾರದಲ್ಲಿ ನಲವತ್ತು ವರ್ಷ ಸಂಸಾರ. ನಲ್ಲಿ ಬರುವ ಹೊತ್ತು, ಹೂವಿನವಳು ಕೂಗುವ ಹೊತ್ತು, ಎದುರುಮನೆಯ ಕುಕ್ಕರ್ ಸೀಟಿ, ಇವೇ ಅವಳ ಗಡಿಯಾರ. ಭಾವ ತೀರಿಕೊಂಡ ಮರುವರ್ಷ ವಠಾರದ ಯಜಮಾನರು ಕಟ್ಟಡ ಕೆಡವುತ್ತೇವೆ ಅಂದರು. ಮಗಳ ಮನೆಯಲ್ಲಿ ಎರಡೇ ಕೋಣೆ, ಆರು ಜನ. "ಇಲ್ಲಿ ಅಣ್ಣನ ಪಾಲೂ ಉಂಟಲ್ಲ, ಬಂದಿರಲಿ" ಅಂದರು ನಮ್ಮನೆಯವರು. ಅರವತ್ತೆಂಟನೆಯ ವಯಸ್ಸಿನಲ್ಲಿ ಅವಳು ಬೈರಕುಪ್ಪೆಯ ತನಕ ಬಸ್ಸಿನಲ್ಲಿ ಬಂದು, ದೋಣಿಯಲ್ಲಿ ಕಬಿನಿ ದಾಟಿ, ಕೇರಳದ ದಡದಲ್ಲಿರುವ ನಮ್ಮೂರು ಮರಕ್ಕಡವಿಗೆ ಬಂದಿಳಿದಳು.

ಇಳಿದ ಚಿತ್ರ ಇನ್ನೂ ಕಣ್ಣಲ್ಲಿದೆ. ನೆತ್ತಿ ಸುಡುವ ಬಿಸಿಲೇನಲ್ಲ, ಮಳೆಯಂತೂ ಇಲ್ಲವೇ ಇಲ್ಲ. ದೋಣಿಯ ನಡುವೆ ಕಪ್ಪು ಕೊಡೆ ಬಿಚ್ಚಿಕೊಂಡು ನೆಟ್ಟಗೆ ಕೂತಿದ್ದಾಳೆ. ಕಾಲ ಬುಡದಲ್ಲಿ ಗ್ಯಾಸ್ ಸ್ಟೌ, ತೊಡೆಯ ಮೇಲೆ ಫಿಲ್ಟರು. ದಡ ಹತ್ತಿದರೂ ಕೊಡೆ ಮಡಚಲಿಲ್ಲ. ಮೆಣಸಿನ ಬಳ್ಳಿಗಳ ನಡುವೆ ನಡೆಯುವಾಗಲೂ ಬಿಚ್ಚಿಯೇ ಇತ್ತು.

"ಯಾಕಕ್ಕಾ ಕೊಡೆ?" ಅಂದೆ.

"ಮೇಲಿಂದ ಏನಾದ್ರೂ ಬಿದ್ರೆ ಕಣೇ? ಹಾವು ಗೀವು. ನಮ್ಮ ವಠಾರದಲ್ಲಿ ಮೇಲಿಂದ ಬೀಳ್ತಿದ್ದದ್ದು ಅಂದ್ರೆ ಮಹಡಿಯವರ ಒದ್ದೆ ಬಟ್ಟೆ ಮಾತ್ರ."

ಅವತ್ತಿನಿಂದ ಊರಿನ ಮಕ್ಕಳ ಬಾಯಲ್ಲಿ ಅವಳು ಕೊಡೆ ಅಮ್ಮ. ಬಚ್ಚಲಿಗೆ ಹೋದರೂ ಕೊಡೆ, ಸೊಪ್ಪು ಕೀಳಲು ಹೋದರೂ ಕೊಡೆ. ಜಿಗಣೆಗೆಂದು ಸೆರಗಿನ ತುದಿಯಲ್ಲಿ ಉಪ್ಪಿನ ಗಂಟು. ಕಾಲಿಗೆ ಜಿಗಣೆ ಹತ್ತಿದರೆ ಅದರ ಮೇಲೆ ಉಪ್ಪು ಹಾಕಿ, "ಕ್ಷಮಿಸಪ್ಪಾ, ನನ್ನಲ್ಲಿ ಇರೋದೇ ಸ್ವಲ್ಪ ರಕ್ತ" ಅಂತ ಅದಕ್ಕೇ ಹೇಳುವಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಒಂದು ಮಳೆಗಾಲ. ಒಂದೇ ಮಳೆಗಾಲಕ್ಕೆ ಇವಳು ವಾಪಸು ಹೊರಡುತ್ತಾಳೆ.

ಹೊರಡಲಿಲ್ಲ. ಮೊದಲ ಮಳೆಯಲ್ಲಿ ನಾಲ್ಕು ದಿನ ಕರೆಂಟಿಲ್ಲದೆ ಅಳುತ್ತಾಳೆ ಅಂದುಕೊಂಡರೆ, ಪಕ್ಕದ ಮನೆಗಳ ಹೆಂಗಸರನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ವಠಾರದ ಕಥೆ ಹೇಳುತ್ತಾ ಇದ್ದಳು. ಒದ್ದೆ ಸೌದೆ ಹೊತ್ತಿಸಲು ಬಾರದೆ ಕಣ್ಣು ಕೆಂಪಾಗಿಸಿಕೊಂಡು ಕೂತವಳನ್ನು ನೋಡಿ, ಮೆಣಸು ಕೊಯ್ಯಲು ಬರುವ ಕೆಂಪಿ ಕಾಡಿನಿಂದ ಒಣಗಿದ ಚಕ್ಕೆ ತಂದುಕೊಟ್ಟಳು. ಕೆಂಪಿ ಕಾಡಂಚಿನ ಹಾಡಿಯವಳು, ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಾಳೆ. ನನಗೆ ಒಂದು ದಿನವೂ ಒಂದು ಚಕ್ಕೆ ತಂದವಳಲ್ಲ.

"ನಂಗ್ಯಾಕೆ ತರಲಿಲ್ಲ ಕೆಂಪೀ?" ಅಂತ ಕೇಳಿಯೇಬಿಟ್ಟೆ.

"ನಿಂಗೆ ಬೇಕು ಅಂತ ನೀ ಯಾವಾಗ ಕೇಳಿದ್ದೆ ಅಮ್ಮೋ? ಕೊಡೆ ಅಮ್ಮ ಕೇಳ್ತು" ಅಂದಳು.

ವಿಶಾಲಕ್ಕನ ಗುಟ್ಟೇ ಅದು. ಬಾರದ್ದನ್ನು ಬಾರದು ಅನ್ನುವಳು, ಬೇಕಾದ್ದನ್ನು ಕೇಳುವಳು. ನನಗೆ ಎರಡೂ ಆಗದು.

ಒಮ್ಮೆ ಅವಳ ಒಂದು ಕಾಗದಕ್ಕೆ ಸೀಲು ಹಾಕಿಸಲು ಇಬ್ಬರೂ ಕಲ್ಪೆಟ್ಟದ ಸರ್ಕಾರಿ ಕಚೇರಿಗೆ ಹೋದೆವು. ಹಿಂದೆ ಅತ್ತೆಯ ಕಾಗದಕ್ಕೆಂದು ಅಂಥದೇ ಕಚೇರಿಯ ಬಾಗಿಲಲ್ಲಿ ನಾನು ಎರಡು ದಿನ ನಿಂತು ಬಂದಿದ್ದೆ. ಮಲಯಾಳ ನನಗೆ ಚಿಕ್ಕಂದಿನಿಂದ ಬರುತ್ತದೆ, ಶಾಲೆಯಲ್ಲಿ ಕಲಿತದ್ದೇ ಅದು. ಆದರೆ ಮೇಜಿನ ಹಿಂದೆ ಕೂತವರನ್ನು ಕಂಡರೆ ನಾಲಿಗೆ ಒಣಗುತ್ತದೆ. ವಿಶಾಲಕ್ಕ ಸೀದಾ ಒಳಗೆ ಹೋಗಿ, "ಸಾರೇ, ಞಾನ್ ಮೈಸೂರು. ಕಾಲು ನೋವು. ಒಂದು ಕಸೇರ ತರುಮೋ?" ಅಂದಳು. ಅರ್ಧ ಕನ್ನಡ, ಅರ್ಧ ಮಲಯಾಳ. ಕಚೇರಿಯೇ ನಕ್ಕಿತು. ಕುರ್ಚಿ ಬಂತು, ಚಹಾ ಬಂತು, ಮಧ್ಯಾಹ್ನಕ್ಕೆ ಸೀಲೂ ಬಂತು. ಬಸ್ಸಿನಲ್ಲಿ ಬರುವಾಗ, "ನೀನು ಜೊತೆಗಿದ್ದಿದ್ದಕ್ಕೇ ಧೈರ್ಯ ಬಂತು ಜಯಾ" ಅಂದಳು. ನನಗೆ ಇನ್ನೂ ಉರಿಯಿತು. ನಾನೇನು ಮಾಡಿದ್ದೆ? ಅವಳ ಕೊಡೆ ಹಿಡಿದುಕೊಂಡು ನಿಂತಿದ್ದೆ.

ಇಷ್ಟನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ದೀಪದ ವಿಷಯ. ಗದ್ದೆಯ ಬದುವಿನಲ್ಲಿ ನಮ್ಮ ಮನೆತನದ ಮಾರಮ್ಮನ ಪುಟ್ಟ ಗುಡಿಯಿದೆ. ಸಂಜೆ ದೀಪ ಹಚ್ಚುವುದು ಮನೆಯ ಸೊಸೆ. ಈ ಮನೆಗೆ ಬಂದ ದಿನದಿಂದ ಮೂವತ್ತೆರಡು ವರ್ಷ ನಾನೇ ಹಚ್ಚಿದೆ. ನನಗೆ ಮಕ್ಕಳಿಲ್ಲ. ಹಸು ಕರು ಹಾಕಿದ್ದು, ಬಿಟ್ಟು ಹೋದ ಜ್ವರ, ಆನೆ ಬಾರದ ಒಂದು ರಾತ್ರಿ, ಅವತ್ತವತ್ತಿನ ಕರುಣೆಯನ್ನೆಲ್ಲ ಆ ದೀಪದ ಮುಂದೆ ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಕಾಲು ಗಂಟೆ. ವಿಶಾಲಕ್ಕ ಬಂದ ಮೂರನೆಯ ವರ್ಷ, ಒಂದು ಸಂಜೆ, ನಮ್ಮನೆಯವರು ಏನೋ ದೊಡ್ಡ ನ್ಯಾಯ ಮಾಡುತ್ತಿದ್ದೇನೆ ಎಂಬ ಹಾಗೆ ಅಂದರು:

"ಹಿರೇಸೊಸೆ ಇರುವಾಗ ಕಿರೇಸೊಸೆ ಹಚ್ಚೋದು ಚಂದವಲ್ಲ. ಇನ್ನು ಅತ್ತಿಗೆ ಹಚ್ಚಲಿ."

"ನಂಗ್ಯಾಕಪ್ಪಾ? ಜಯಾ ಹಚ್ಚಿಕೊಂಡು ಬಂದಿದ್ದಾಳೆ" ಅಂದಳು ವಿಶಾಲಕ್ಕ. ನನ್ನ ಮುಖ ನೋಡಿದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. "ಹಚ್ಚಿ ಅಕ್ಕಾ, ನಂಗೂ ಸೊಂಟ ನೋವು" ಅಂದೆ. ಅವಳು ನಂಬಿದಳು. ಮರುದಿನದಿಂದ ಎಣ್ಣೆ ಗಿಂಡಿ ಹಿಡಿದು, ಕೊಡೆ ಬಿಚ್ಚಿಕೊಂಡು, ಹಾಡು ಹೇಳುತ್ತಾ ಬದುವಿನ ಮೇಲೆ ಹೋಗತೊಡಗಿದಳು. ಅವಳ ದನಿ ಚೆನ್ನಾಗಿತ್ತು. ಅದೂ ಒಂದು.

ಈಗ ಹಣ್ಣಿನ ಮಾತು.

ನಮ್ಮ ಕಡೆ ಹಲಸನ್ನು ಮರದಲ್ಲಿ ಹಣ್ಣಾಗಲು ಬಿಡುವುದಿಲ್ಲ. ಎಳೆಯದಿರುವಾಗಲೇ ಎಲ್ಲ ಮನೆಯವರೂ ಕಾಯಿ ಕಡಿದು ಇಳಿಸಿಬಿಡುತ್ತಾರೆ. ಪಲ್ಯಕ್ಕಾದಷ್ಟು ಪಲ್ಯಕ್ಕೆ, ಉಳಿದದ್ದು ದನಕ್ಕೆ. ಒಂದು ಹಣ್ಣು ಉಳಿದರೂ ವಾಸನೆಗೆ ಆನೆ ಬರುತ್ತದೆ. ಬಂದದ್ದು ಆ ಮರಕ್ಕೇ ನಿಲ್ಲುವುದಿಲ್ಲ, ಬಾಳೆ, ಬೇಲಿ, ಪಕ್ಕದವರ ತೋಟ ಎಲ್ಲ ಒಂದಾಗುತ್ತದೆ. ಅದಕ್ಕೇ ಯಾರ ಮರದಲ್ಲಿ ಕಾಯಿ ಕಂಡರೂ ಕಂಡವರು ಹೇಳಬೇಕು. ಅದು ಊರಿನ ಕಟ್ಟು. ನಾವು ಯಾರೂ ಸ್ವಂತ ಮರದ ಹಲಸಿನ ಹಣ್ಣು ತಿಂದು ಎಷ್ಟೋ ವರ್ಷವಾಯಿತು.

ಆ ವರ್ಷ ಕೆಂಪಿಯ ಗಂಡ ಮರ ಹತ್ತಿ ಎಲ್ಲ ಇಳಿಸಿದ್ದ. ಹಾಗಂತ ತಿಳಿದಿದ್ದೆವು. ಒಂದು ಬೆಳಗ್ಗೆ ಸಗಣಿ ಬಾಚಲು ಹೋದಾಗ ಕೊಟ್ಟಿಗೆ ಹಿಂದಿನ ಮರದಲ್ಲಿ, ಕಾಂಡಕ್ಕೆ ಅಂಟಿಕೊಂಡ ಹಾಗೆ, ಗೋಣಿಚೀಲ ಸುತ್ತಿದ ಒಂದು ಕಾಯಿ ಕಂಡಿತು. ಚೀಲಕ್ಕೆ ಕಟ್ಟಿದ್ದು ವಿಶಾಲಕ್ಕನ ಹಳೇ ಸೀರೆಯ ಅಂಚು. ಹತ್ತಿರ ಹೋದರೆ ಆಗಲೇ ಸಣ್ಣಗೆ ಘಮ ಬಿಟ್ಟಿತ್ತು. ಚೀಲ ಸುತ್ತಿದರೆ ಘಮ ನಿಲ್ಲುತ್ತದೆ ಅಂತ ಅಂದುಕೊಂಡಿದ್ದಾಳೆ! ಪಟ್ಟಣದವಳಿಗೆ ಮಾತ್ರ ಹೊಳೆಯುವ ಬುದ್ಧಿ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕೈಯಲ್ಲೇ ಕತ್ತಿಯಿತ್ತು, ಕಡಿದಿದ್ದರೂ ಮುಗಿಯುತ್ತಿತ್ತು. ನಾನು ಸಗಣಿ ಬಾಚಿಕೊಂಡು ಬಂದೆ. ಬರಲಿ, ನಾಲ್ಕು ಬಾಳೆ ಮುರಿದು ಹೋಗಲಿ, ಊರವರು ಇವಳನ್ನು ಬೈಯಲಿ, ಇವಳು ಮೈಸೂರಿಗೆ ಹೋಗಲಿ. ಹೀಗೆ ಅಂದುಕೊಂಡು ಹನ್ನೊಂದು ದಿನ ಸುಮ್ಮನಿದ್ದೆ. ಆ ಹನ್ನೊಂದು ದಿನವೂ ಅಡುಗೆಮನೆಯಲ್ಲಿ ಕೂತು ಮಾರಮ್ಮನ ಕರುಣೆ ಎಣಿಸಿದ್ದೇನೆ ನಾನು.

ಹನ್ನೆರಡನೆಯ ದಿನ ಬೆಳಗಿನ ಜಾವ ದೊಡ್ಡ ಸದ್ದಿಗೆ ಎದ್ದು ಓಡಿ ನೋಡಿದರೆ ಕೊಟ್ಟಿಗೆಯ ಹಿಂಬದಿ ಬಯಲಾಗಿತ್ತು. ಹಣ್ಣು ತಿಂದದ್ದು ಸಾಲದೆ ಆನೆ ಮನೆಯ ಪಕ್ಕಕ್ಕೂ ಬಂದು ವಿಶಾಲಕ್ಕನ ಕೋಣೆಯ ಗೋಡೆ ಒರಗಿಸಿತ್ತು. ಇಟ್ಟಿಗೆ ಅವಳ ದಿಂಬಿನ ಮೇಲೆ ಬಿದ್ದಿತ್ತು. ಅವಳು ಶಬ್ದಕ್ಕೆ ಎದ್ದು ಮಂಚದ ಕೆಳಗೆ ನುಸುಳಿಕೊಂಡಿದ್ದಳು. ನಾವು ಬಗ್ಗಿ ನೋಡಿದಾಗ ಅಲ್ಲೇ, ಅಷ್ಟು ಇಕ್ಕಟ್ಟಿನಲ್ಲೂ, ಕೊಡೆಯನ್ನು ಅರ್ಧ ಬಿಚ್ಚಿ ಮುಖಕ್ಕೆ ಹಿಡಿದುಕೊಂಡು ನಡುಗುತ್ತಿದ್ದಳು. ಬೈಸಿಕೊಳ್ಳಲಿ ಅಂದುಕೊಂಡಿದ್ದೆ ಹೊರತು ಆ ದಿಂಬನ್ನು ನಾನು ನೆನೆದಿರಲಿಲ್ಲ. ನಿಜವಾಗಿ ನೆನೆದಿರಲಿಲ್ಲ ತಾಯೀ.

ಊರವರು ಸೇರಿದರು. ಪಕ್ಕದವರ ಬಾಳೆತೋಟವೂ ಅರ್ಧ ಹೋಗಿತ್ತು. ಕೆಂಪಿ ನೆಲದ ಮೇಲಿನ ಸಿಪ್ಪೆ ನೋಡಿ, "ದೊಡ್ಡವ್ರು ಸುಮ್ಕೆ ಬರಕಿಲ್ಲ, ಯಾರೋ ಕರ್ದವ್ರೆ" ಅಂದಳು. ಆನೆಗೆ ಅವಳು ಹೇಳುವುದೇ ಹಾಗೆ. ಗೋಣಿ ಸುತ್ತಲು ತನ್ನ ಗಂಡನೇ ಏಣಿ ಹಿಡಿದದ್ದು ಅವಳಿಗೂ ಗೊತ್ತಿರಲಿಲ್ಲ.

"ಯಾರು ಬಿಟ್ಟದ್ದು ಹಣ್ಣು?" ನಮ್ಮನೆಯವರು ಕೂಗಿದರು.

"ನಾನೇ ಕಣಪ್ಪಾ. ಒಂದೇ ಒಂದು. ತಿನ್ನೋ ಚಪಲ" ಅಂದಳು ವಿಶಾಲಕ್ಕ. ಕೆಂಪಿಯ ಗಂಡನ ಹೆಸರೂ ಎತ್ತಲಿಲ್ಲ. ನಾಲ್ಕು ಮನೆಗೂ ತಾನೇ ಹೋಗಿ ತಪ್ಪಾಯ್ತು ಅಂದು ಬಂದಳು. ಬೈದವರೇ ಅವಳಿಗೆ ಕೂರಲು ಮಣೆ ಕೊಟ್ಟರಂತೆ.

ವಾರದೊಳಗೆ ಮಗಳು ಬಂದಳು. ಇಕ್ಕಟ್ಟಾದರೂ ಸರಿ, ಅಮ್ಮ ಇನ್ನು ಇಲ್ಲಿ ಬೇಡ ಅಂದಳು. ವಿಶಾಲಕ್ಕ ಹೋಗಲು ಒಪ್ಪಿರಲಿಲ್ಲ. "ಈಗಷ್ಟೇ ಸೌದೆ ಹೊತ್ತಿಸೋಕೆ ಕಲ್ತಿದ್ದೀನಿ ಕಣೇ" ಅಂತ ಮಗಳ ಹತ್ತಿರ ಗೋಗರೆದಳು. ನಾನು ಬೇಡುತ್ತಿದ್ದದ್ದು ಕಣ್ಣೆದುರೇ ಆಗುತ್ತಿತ್ತು. ಇರಲಿ ಬಿಡಿ ಅಂತ ಒಂದು ಮಾತು ನಾನು ಆಡಲಿಲ್ಲ.

ದೋಣಿ ಕಡವಿನ ತನಕ ನಾನೇ ಫಿಲ್ಟರು ಹಿಡಿದುಕೊಂಡು ಹೋದೆ. ದೋಣಿ ಆಚೆ ದಡದಲ್ಲಿತ್ತು. ಅವಳು ಕೊಡೆಯೊಳಕ್ಕೆ ನನ್ನನ್ನೂ ಎಳೆದುಕೊಂಡು ಮೆಲ್ಲಗೆ ಅಂದಳು:

"ಆ ಹಣ್ಣು ನೀನೂ ನೋಡಿದ್ದೆ ಅಲ್ವೇನೇ? ಸಗಣಿ ಬುಟ್ಟಿ ಹಿಡ್ಕೊಂಡು ತಲೆಯೆತ್ತಿ ನಿಂತಿದ್ದೆ. ನಾನು ಕಿಟಕೀಲಿ ಇದ್ದೆ."

ನಾನು ಫಿಲ್ಟರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ನೀನು ಬಾಯಿ ಬಿಡಲಿಲ್ಲ ನೋಡು, ಎಷ್ಟು ಖುಷಿಯಾಯ್ತು ಗೊತ್ತಾ ನಂಗೆ? ಇವಳಿಗೂ ಆಸೆ ಇದೆ, ಹೇಳೋಕೆ ನಾಚಿಕೆ ಅಂದ್ಕೊಂಡೆ. ಮೂರು ವರ್ಷದಲ್ಲಿ ಮೊದಲ ಸಲ ನಾವಿಬ್ರೂ ಸೇರಿ ಒಂದು ಕೆಲಸ ಮಾಡಿದ್ದು ಕಣೇ. ನಿನ್ನ ಹೆಸರು ನಾನು ಹೇಳಲಿಲ್ಲ. ಬೈಸ್ಕೊಳ್ಳೋಕೆ ಒಬ್ಬಳು ಸಾಕು."

ಅಲ್ಲ ಅಕ್ಕಾ ಅನ್ನಬೇಕಿತ್ತು. ದೋಣಿ ಬಂತು. "ಜೋಪಾನ" ಅಂದೆ. ಅವಳು ಕೊಡೆ ಬೀಸಿ ನಕ್ಕಳು. ಅದೇ ಕಡೆಯ ಸಲ ನೋಡಿದ್ದು. ಆಮೇಲೆ ಫೋನು ಬಂದಾಗಲೆಲ್ಲ ನಾನು ಹಿತ್ತಿಲಲ್ಲಿರುತ್ತಿದ್ದೆ.

ಇವತ್ತು ಸುದ್ದಿ ಹಬ್ಬಿದ ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು. ಬಾಳೆತೋಟ ಕಳೆದುಕೊಂಡ ಮನೆಯವಳೇ ಎಲ್ಲರಿಗಿಂತ ಜೋರಾಗಿ ಅತ್ತಳು. ನಾನು ಹೋದರೆ ಇಷ್ಟು ಜನ ಬರುತ್ತಾರಾ ಅಂತ ಆಗಲೂ ಎಣಿಸಿದೆ. ಅವರೆಲ್ಲ ಹೋದ ಮೇಲೆ ಅನ್ನಕ್ಕಿಟ್ಟು ಬಂದೆ. ನಮ್ಮನೆಯವರು ಚೀಲಕ್ಕೆ ಪಂಚೆ ತುಂಬುತ್ತಿದ್ದರು.

"ನೀನು ಇಲ್ಲೇ ಇರು. ಮೆಣಸು ಹರಡಿದೆ, ಹಸು ಕರೆಯೋರು ಯಾರು? ನಾನು ಈ ದೋಣಿಗೆ ಹೋಗ್ತೀನಿ."

"ಒಂದು ಮಾತಿತ್ತು" ಅಂದೆ. "ಆ ಹಣ್ಣು, ಆನೆ ಬಂದದ್ದು. ಅದನ್ನ ನಾನೂ ನೋಡಿದ್ದೆ."

ಅವರು ಅಳುತ್ತಲೇ ಸ್ವಲ್ಪ ನಕ್ಕರು. "ಗೊತ್ತು. ಅತ್ತಿಗೆ ಫೋನಲ್ಲಿ ಹೇಳಿದ್ರು. ಇಬ್ರೂ ಸೇರಿ ಕದ್ದು ತಿನ್ನೋ ಲೆಕ್ಕವಂತೆ. ಜಯಂಗೆ ಬೈಬೇಡ ಅಂದ್ರು."

ಅಲ್ಲಿಗೇ ಬಿಡಬಹುದಿತ್ತು. ಅವಳು ಅಷ್ಟು ಚೆನ್ನಾಗಿ ಮುಚ್ಚಿಟ್ಟು ಹೋಗಿದ್ದಳು.

"ತಿನ್ನಕ್ಕಲ್ಲ" ಅಂದೆ.

"ಮತ್ತೆ?"

"ಆನೆ ಬರಲಿ ಅಂತ. ಅವಳು ಹೋಗಲಿ ಅಂತ."

ಅವರ ಕೈ ಚೀಲದೊಳಗೇ ನಿಂತಿತು. ನನ್ನ ಮುಖವನ್ನು ಇಷ್ಟು ವರ್ಷದಲ್ಲಿ ಅಷ್ಟು ಹೊತ್ತು ಅವರು ನೋಡಿದ್ದು ನೆನಪಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ತಿರುಗಿ ನೋಡದೆ ಕಡವಿನ ದಾರಿ ಹಿಡಿದರು.

ಒಲೆಯ ಮೇಲೆ ಅನ್ನ ಕುದಿದು ಮುಚ್ಚಳ ಕುಣಿಯುತ್ತಿತ್ತು. ಒಳಗೆ ಹೋಗಿ ಗಂಜಿ ಬಸಿದೆ.