ಮೂರನೇ ಗುಂಡಿ ಒತ್ತಿದರೆ ಎರಡು

ಕಂಪ್ಯೂಟರ್ ಮನೆಯಲ್ಲಿ ಉಳಿಯಬೇಕಾದರೆ ಅದು ಏನಾದರೂ ಒಂದು ಕೆಲಸ ಮಾಡಿ ತೋರಿಸಬೇಕು ಎಂದು ಅಪ್ಪ ಹೇಳಿದ್ದು ಎಂಬತ್ತೆಂಟರ ಜುಲೈ ಕೊನೆಯ ಭಾನುವಾರ. ಡೈರಿಯಲ್ಲಿ ಆ ದಿನದ ಪುಟದಲ್ಲಿ ನಾನು ಇದೊಂದನ್ನೇ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆಗ ನನಗೆ ಹದಿನೈದು ವರ್ಷ.

ಕಂಪ್ಯೂಟರ್ ಎಂದರೆ ಈಗ ಆಫೀಸುಗಳಲ್ಲಿ ಇರುವಂಥದ್ದಲ್ಲ. ದಪ್ಪನೆಯ ಒಂದು ಕೀಬೋರ್ಡು, ಅಷ್ಟೇ. ಅದಕ್ಕೆ ಮನೆಯ ಟಿವಿಯೇ ಪರದೆ, ಕ್ಯಾಸೆಟ್ ಪ್ಲೇಯರೇ ನೆನಪು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ವಿದೇಶಿ ಮೇಷ್ಟರಿಂದ ಅಪ್ಪ ಅದನ್ನು ನನ್ನ ಓದಿಗೆಂದು ಕೊಂಡಿದ್ದರು. ನಾನು ಅದರಲ್ಲಿ ಆಟ ಆಡಿದ್ದೇ ಹೆಚ್ಚು. ಅಪ್ಪನ ಜೊತೆ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಮೈಸೂರಿನ ಒಬ್ಬ ಮಾಮನಿಗೆ ಅದರ ಮೇಲೆ ಕಣ್ಣಿತ್ತು. ನೈರೋಬಿಯ ಹೈರಿಡ್ಜ್ ಬಡಾವಣೆಯ ನಮ್ಮ ಮನೆಗೆ ಬಂದಾಗಲೆಲ್ಲ ಅದರ ಮೇಲಿನ ಬಟ್ಟೆ ಸರಿಸಿ ನೋಡುತ್ತಿದ್ದರು.

"ಇಲ್ಲಿ ಧೂಳು ತಿಂತಾ ಇದೆ ಕಣಯ್ಯಾ. ನನಗೆ ಕೊಟ್ಟರೆ ಹುಡುಗರ ಮಾರ್ಕ್ಸ್ ಎಲ್ಲ ಇದರಲ್ಲೇ ಕೂಡಿಸ್ತೀನಿ" ಎಂದರು ಆ ಭಾನುವಾರ.

"ತಗೊಂಡು ಹೋಗಿ" ಅನ್ನುವುದಕ್ಕೆ ಅಪ್ಪ ಬಾಯಿ ತೆರೆದಿದ್ದರು. ಅದಕ್ಕೆ ಮೊದಲೇ ನಾನು ಹೇಳಿಬಿಟ್ಟೆ: "ಈ ಸಲ ಕೂಟದ ಕ್ವಿಜ್‌ಗೆ ನಾನು ಇದನ್ನ ರೆಫರಿ ಮಾಡ್ತೀನಿ."

ಹಾಗೆ ಹೇಳಲು ಕಾರಣವಿತ್ತು. ನೈರೋಬಿಯ ಕನ್ನಡದವರೆಲ್ಲ ಶ್ರಾವಣದಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಸೇರುತ್ತೇವೆ. ಊಟಕ್ಕೆ ಮೊದಲು ಕ್ವಿಜ್. ಉತ್ತರ ಗೊತ್ತಿದ್ದವರು ಕೈ ಎತ್ತಬೇಕು. ಹಿಂದಿನ ವರ್ಷ ಯಾರು ಮೊದಲು ಕೈ ಎತ್ತಿದರು ಎನ್ನುವುದಕ್ಕೆ ಆದ ಜಗಳಗಳನ್ನು ನಾನು ಸಾಲಿನ ಕೊನೆಯಲ್ಲಿ ಕೂತು ಗೀಟು ಹಾಕುತ್ತಾ ಲೆಕ್ಕ ಇಟ್ಟಿದ್ದೆ. ಏಳು ಜಗಳ. ಅದರಲ್ಲಿ ಐದು ಮೈಸೂರಿನ ಮಾಮನ ತಂಡಕ್ಕೂ ಮಂಗಳೂರಿನ ಡೆಂಟಿಸ್ಟ್ ಆಂಟಿಯ ತಂಡಕ್ಕೂ ನಡೆದದ್ದು. ಪಾಯಸ ಬಡಿಸಲು ಬಂದವರು ಸೌಟು ಹಿಡಿದು ನಿಂತೇ ಇದ್ದರು.

ಅಪ್ಪ ನನ್ನನ್ನೂ ಮಾಮನನ್ನೂ ನೋಡಿದರು. "ಸರಿ. ಕೂಟದ ದಿನ ಇವಳ ರೆಫರಿ ತಪ್ಪಿಲ್ಲದೆ ನಡೆದರೆ ಇದು ಇಲ್ಲೇ ಇರುತ್ತೆ. ಇಲ್ಲ ಅಂದ್ರೆ ಅಲ್ಲಿಂದಲೇ ನೀವು ನಿಮ್ಮ ಕಾರಿಗೆ ಹಾಕ್ಕೊಳ್ಳಿ."

ಮಾಮ ನಕ್ಕರು. "ಕಾರಿನ ಡಿಕ್ಕಿ ಈಗಲೇ ಖಾಲಿ ಮಾಡಿಡ್ತೀನಿ, ಪುಟ್ಟಿ."

ಕೂಟಕ್ಕೆ ಮೂರು ವಾರ ಇತ್ತು.

ನನ್ನ ಯೋಜನೆ ಸರಳ. ನಾಲ್ಕು ತಂಡ, ನಾಲ್ಕು ಕಾಲಿಂಗ್ ಬೆಲ್ ಗುಂಡಿ. ಪ್ರತಿ ಗುಂಡಿಯಿಂದ ಉದ್ದ ವೈರ್ ಬಂದು ಒಂದು ಸಣ್ಣ ಹಲಗೆ ಸೇರುತ್ತದೆ. ಹಲಗೆಯಿಂದ ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ನಾಲ್ಕು ತಂತಿ. ಯಾರು ಮೊದಲು ಒತ್ತುತ್ತಾರೋ ಅವರ ನಂಬರು ಟಿವಿ ತುಂಬಾ ದೊಡ್ಡದಾಗಿ ಬರಬೇಕು, ಒಂದು ಸದ್ದೂ ಆಗಬೇಕು. ಮಾಸಪತ್ರಿಕೆಗಳಲ್ಲಿ ಇಂಥವು ಬರುತ್ತಿದ್ದವು. ಆದರೆ ಇದರ ಚಿತ್ರ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಪೂರ್ತಿ ನಾನೇ ಬರೆದದ್ದು. ಅದನ್ನು ಇಲ್ಲಿ ಹೇಳಿಕೊಳ್ಳದೆ ಇರಲು ನನಗೆ ಮನಸ್ಸಿಲ್ಲ.

ಸಾಮಾನಿಗೆ ಮಟಾಟು ವ್ಯಾನ್ ಹತ್ತಿ ನ್ಗಾರಾ ಪೇಟೆಗೆ ಹೋದೆ. ರೇಡಿಯೋ ಬಿಡಿಭಾಗ ಮಾರುವ ಗುಜರಾತಿ ಅಂಗಡಿಯ ಮುದುಕರು ನನ್ನ ಚೀಟಿ ಓದಿ, ಕನ್ನಡಕದ ಮೇಲಿಂದ ನೋಡಿ, "ಯಾರಿಗೆ ಬೇಟಿ, ಅಣ್ಣನಿಗಾ?" ಎಂದು ಹಿಂದಿಯಲ್ಲಿ ಕೇಳಿದರು.

"ನನಗೆ."

"ನಿನಗೇನಾ?" ಎಂದು ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಸ್ಪ್ರಿಂಗ್ ಚೆನ್ನಾಗಿದ್ದ ನಾಲ್ಕನ್ನು ಆರಿಸಿ ಕೊಟ್ಟರು.

ಕಷ್ಟ ಬಂದದ್ದು ಹಲಗೆಯಲ್ಲಿ. ಒಂದು ಬದಿಗೆ ತಾಮ್ರ ಹೊದಿಸಿದ ಹಲಗೆ ಅದು. ತಾಮ್ರ ಎಲ್ಲಿ ಉಳಿಯಬೇಕೋ ಅಲ್ಲಿ ಬಣ್ಣದಿಂದ ಗೆರೆ ಎಳೆದು ಒಂದು ದ್ರಾವಣದಲ್ಲಿ ಅದ್ದಿದರೆ, ಬಣ್ಣ ಇಲ್ಲದ ಕಡೆಯ ತಾಮ್ರ ಕರಗಿಹೋಗುತ್ತದೆ. ಉಳಿದ ತಾಮ್ರದ ಗೆರೆಗಳೇ ತಂತಿಗಳು. ನೇಲ್ ಪಾಲಿಶ್ ಇದಕ್ಕೆ ಒಳ್ಳೆಯದು ಎಂದು ಓದಿದ್ದೆ. ಆದರೆ ನನ್ನ ಕೈ ಬೆವರುತ್ತದೆ. ಮೊದಲ ತುಂಡಿನಲ್ಲಿ ಗೆರೆಗಳು ಹರಡಿ ಒಂದಕ್ಕೊಂದು ಅಂಟಿದವು. ಎರಡನೆಯದರಲ್ಲಿ ಮೊಣಕೈ ತಾಗಿ ಅರ್ಧ ಅಳಿಸಿತು. ಇನ್ನು ಉಳಿದದ್ದು ಒಂದೇ ತುಂಡು.

ಅಮ್ಮ ಹುರುಳಿಕಾಯಿ ಬಿಡಿಸುತ್ತಾ ನೋಡುತ್ತಿದ್ದರು. ಅವರು ಸ್ಕೂಲಿನಲ್ಲಿ ಭೂಗೋಳ ಕಲಿಸುವವರು. ಟ್ರಾನ್ಸಿಸ್ಟರ್ ಎಂದರೆ ಅವರಿಗೆ ಇವತ್ತಿಗೂ ರೇಡಿಯೋವೇ. ಆದರೆ ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಫ್ಲ್ಯಾಟಿನ ಬಾಗಿಲ ಮುಂದಿನ ಸಿಮೆಂಟ್ ನೆಲದ ಮೇಲೆ ಅವರು ಇಡುವ ರಂಗೋಲಿಯನ್ನು ಮೇಲಿನ ಮಹಡಿಯವರು ತುಳಿಯದೆ ದಾಟಿ ಹೋಗುತ್ತಾರೆ.

"ನಿನ್ನ ಚಿತ್ರ ಎಲ್ಲಿ?" ಎಂದು ಕೈ ಒರೆಸಿಕೊಂಡು ಬಂದರು. ಗ್ರಾಫ್ ಕಾಗದದ ಚಿತ್ರ ತೋರಿಸಿದೆ. ಒಂದು ಗಳಿಗೆ ನೋಡಿ, "ಇಷ್ಟೇನಾ? ಚುಕ್ಕಿ, ಗೆರೆ. ಕೊಡಿಲ್ಲಿ" ಅಂದರು.

"ಅಮ್ಮಾ, ಗೆರೆ ಮೇಲೆ ಗೆರೆ ಹೋಗಬಾರದು."

"ನನಗೆ ರಂಗೋಲಿ ಹೇಳಿಕೊಡ್ತೀಯೇನೇ?"

ನೇಲ್ ಪಾಲಿಶಿನ ಬ್ರಶ್ ದಪ್ಪ ಎಂದು ಪಕ್ಕಕ್ಕಿಟ್ಟು, ಬೆಂಕಿಕಡ್ಡಿಯ ತುದಿ ಚೂಪು ಮಾಡಿ ಅದ್ದಿ ಎಳೆದರು. ಉಸಿರು ಬಿಗಿಹಿಡಿಯಲೂ ಇಲ್ಲ. ನಡುವೆ ಒಲೆಯ ಮೇಲಿನ ಸಾರು ಇಳಿಸು ಎಂದು ನನ್ನನ್ನು ಅಡುಗೆಮನೆಗೆ ಓಡಿಸಿದರು. ತಿರುಗಿ ಬರುವಷ್ಟರಲ್ಲಿ ಹಲಗೆ ಮುಗಿದಿತ್ತು. ಕೆಂಪು ಗೆರೆಗಳು ಅಚ್ಚು ಹಾಕಿದ ಹಾಗೆ. ನಾನು ಅಮ್ಮನನ್ನು ತಬ್ಬಿಕೊಂಡೆ.

ಆಗಸ್ಟಿನ ನೈರೋಬಿ ಸ್ವೆಟರ್ ಬಿಚ್ಚಲು ಬಿಡುವುದಿಲ್ಲ. ಆ ಚಳಿಗೆ ದ್ರಾವಣ ಕೆಲಸವನ್ನೇ ಮಾಡಲಿಲ್ಲ. ಕೊನೆಗೆ ಐಸ್‌ಕ್ರೀಮ್ ಡಬ್ಬಿಯಲ್ಲಿ ದ್ರಾವಣ, ಆ ಡಬ್ಬಿಯನ್ನು ಬಿಸಿನೀರಿನ ಬೇಸನ್ನಿನಲ್ಲಿ ಇಟ್ಟು ಅಲ್ಲಾಡಿಸುತ್ತಾ ಕೂತೆ. ಕಂದು ನೀರಿನ ಕೆಳಗೆ ತಾಮ್ರ ಅಂಚಿನಿಂದ ಕರಗುತ್ತಾ ಬಂತು. ತೊಳೆದು, ನೇಲ್ ಪಾಲಿಶ್ ಒರೆಸಿದಾಗ ಅಮ್ಮನ ಗೆರೆಗಳು ತಾಮ್ರವಾಗಿ ಹೊಳೆದವು. ತೂತು ಕೊರೆದು, ಬೆಸುಗೆ ಹಾಕಿ, ಬುಧವಾರ ಸಂಜೆ ಎಲ್ಲವನ್ನೂ ಜೋಡಿಸಿದೆ. ಕೂಟ ಭಾನುವಾರ.

ಅಪ್ಪ ನ್ಯೂಸ್‌ಪೇಪರ್ ಮಡಿಸಿಟ್ಟು ಬಂದು ಒಂದನೇ ಗುಂಡಿ ಒತ್ತಿದರು. ಟಿವಿಯಲ್ಲಿ ದೊಡ್ಡ ಒಂದು. ಎರಡನೇ ಗುಂಡಿ ಒತ್ತಿದರು, ಎರಡು. ಮೂರನೆಯದು ಒತ್ತಿದರು. ಎರಡು.

"ಮೂರು ಒತ್ತಿದೆ" ಅಂದರು ಅಪ್ಪ.

"ಇನ್ನೊಂದು ಸಲ ಒತ್ತಿ."

ಎರಡು. ಮತ್ತೆ ಒತ್ತಿದರು. ಎರಡು. ನಾಲ್ಕು ಮಾತ್ರ ಸರಿಯಾಗಿ ನಾಲ್ಕೇ ಎಂದಿತು.

ಕೂಟದಲ್ಲಿ ಎರಡನೇ ಮೇಜು ಮೈಸೂರಿನ ಮಾಮನದು, ಮೂರನೆಯದು ಮಂಗಳೂರಿನ ಆಂಟಿಯದು. ಆಂಟಿ ಎಷ್ಟು ಬೇಗ ಒತ್ತಿದರೂ ಮಾಮನಿಗೇ ಅವಕಾಶ! ಅಪ್ಪನಿಗೂ ಅದು ಹೊಳೆದಿರಬೇಕು. "ಸರಿಹೋಯ್ತು. ಜಗಳ ಏಳಲ್ಲ, ಎಪ್ಪತ್ತಾಗುತ್ತೆ" ಎಂದು ಪೇಪರ್ ತೆಗೆದುಕೊಂಡರು. ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಂಪ್ಯೂಟರಿನ ಮೂಲ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಬಾಗಿಲ ಬಳಿ ಇಟ್ಟರು, ನಮ್ಮಲ್ಲೇ ಉಳಿದರೂ ಸರಿ, ಮಾಮನಿಗೆ ಹೋದರೂ ಸರಿ, ಹಾಲಿಗೆ ಒಯ್ಯಲು ಬೇಕಲ್ಲ ಎಂದು.

ಗುರುವಾರ ಬೆಳಿಗ್ಗೆ ನಾನು ಅಳಲು ಹೋಗಲಿಲ್ಲ, ಪಟ್ಟಿ ಮಾಡಲು ಕೂತೆ. ತಪ್ಪು ಇರಬಹುದಾದ ಜಾಗ ಮೂರೇ: ಗುಂಡಿ, ಪ್ರೋಗ್ರಾಮು, ಹಲಗೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ಬದಲಾಯಿಸಿದ್ದನ್ನು ಬರೆದಿಡಬೇಕು.

ಮೊದಲು ಮೂರನೇ ಗುಂಡಿ ಕಿತ್ತು ನಾಲ್ಕರ ಜಾಗಕ್ಕೆ, ನಾಲ್ಕನ್ನು ಮೂರರ ಜಾಗಕ್ಕೆ ಹಾಕಿದೆ. ಆಗಲೂ ಮೂರರ ಜಾಗದಲ್ಲಿ ಒತ್ತಿದರೆ ಎರಡೇ ಬಂತು. ಅಂದರೆ ಗುಂಡಿಯ ತಪ್ಪಲ್ಲ. ಇನ್ನು ಪ್ರೋಗ್ರಾಮು. ಅದು ಒಂದರಿಂದ ನಾಲ್ಕರವರೆಗೆ ಸಾಲಾಗಿ ಪ್ರತಿ ತಂತಿಯನ್ನು ನೋಡಿಕೊಂಡು ಹೋಗುತ್ತಿತ್ತು, ಮೊದಲು ಸಿಕ್ಕಿದ್ದನ್ನು ಹೇಳುತ್ತಿತ್ತು. ಎರಡಕ್ಕಿಂತ ಮೊದಲು ಮೂರನ್ನು ನೋಡು ಎಂದು ಬದಲಾಯಿಸಿದೆ. ಮೂರನ್ನು ಒತ್ತಿದರೆ ಮೂರು ಬಂತು! ಕುಣಿಯಬೇಕು ಎನ್ನಿಸಿತು. ಆದರೆ ಪಟ್ಟಿಯಲ್ಲಿ ಎರಡನೇ ಗುಂಡಿಯ ಸಾಲು ಖಾಲಿ ಇತ್ತು. ಅದನ್ನೂ ಒತ್ತಿದೆ. ಮೂರು.

ಅಲ್ಲಿಗೆ ಗೊತ್ತಾಯಿತು. ಯಾವುದನ್ನು ಒತ್ತಿದರೂ ಎರಡೂ ಒಟ್ಟಿಗೇ ಬರುತ್ತಿವೆ, ಪ್ರೋಗ್ರಾಮು ತನಗೆ ಮೊದಲು ಕಂಡದ್ದನ್ನು ಹೇಳುತ್ತಿದೆ. ಪಾಪ, ಅದರ ತಪ್ಪೇನೂ ಇಲ್ಲ. ಎಲ್ಲೋ ಎರಡಕ್ಕೂ ಮೂರಕ್ಕೂ ಸಂಬಂಧ ಬಿದ್ದಿದೆ. ಹಲಗೆಯನ್ನು ಬಿಚ್ಚಿ, ಮಲ್ಟಿಮೀಟರಿನ ಎರಡು ಮೊನೆಗಳನ್ನು ಆ ಎರಡು ಗೆರೆಗಳ ಮೇಲೆ ಇಟ್ಟೆ. ಮುಳ್ಳು ಪೂರ್ತಿ ಬಲಕ್ಕೆ ಹಾರಿತು. ಎರಡೂ ಎಲ್ಲೋ ಕೂಡಿಕೊಂಡಿವೆ.

ಗೆರೆಗಳ ಜೊತೆ ಬೆರಳು ಓಡಿಸಿಕೊಂಡು ಹೋದೆ. ಮೀಟರ್ ಇಡಲು ಅನುಕೂಲವಾಗಲಿ ಎಂದು ನಡುವಿನ ಎರಡು ಗೆರೆಗಳನ್ನು ಹಲಗೆಯ ಅಂಚಿನವರೆಗೆ ಎಳೆದು ಹಾಗೇ ಬಿಟ್ಟಿದ್ದೆ, ಕಾಗದದ ಚಿತ್ರದಲ್ಲಿ. ಹಲಗೆಯ ಮೇಲೆ ಆ ಎರಡು ತುದಿಗಳು ಒಂದು ಸಣ್ಣ ಕಮಾನಿನಲ್ಲಿ ಸೇರಿದ್ದವು. ಬಹಳ ಅಂದವಾದ ಕಮಾನು, ದಾಸವಾಳದ ಎಸಳಿನ ಹಾಗೆ. ಅಮ್ಮ ಎಳೆದ ದಿನದಿಂದ ಅದು ನನ್ನ ಕಣ್ಣ ಮುಂದೆಯೇ ಇತ್ತು, ಅಂದವಾಗಿದೆ ಎಂದು ನೋಡಿಯೂ ಇದ್ದೆ.

"ಅಮ್ಮಾ! ಇದನ್ನ ಯಾಕೆ ಸೇರಿಸಿದೆ?"

ಅಮ್ಮ ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಎರಡು ಗೆರೆ ಹಾಗೇ ಬಾಯಿ ಬಿಟ್ಕೊಂಡು ನಿಂತಿದ್ವು. ನೀನು ಮರೆತಿದ್ದೀಯ ಅಂತ ಮುಚ್ಚಿದೆ."

"ಅದು ತೆರೆದೇ ಇರಬೇಕಮ್ಮಾ!"

"ತೆರೆದ ಗೆರೆ ಬಿಡ್ತಾರೇನೇ ಯಾರಾದ್ರೂ? ಇಷ್ಟು ವರ್ಷದಲ್ಲಿ ಒಂದು ದಿನ ಬಿಟ್ಟಿಲ್ಲ ನಾನು."

ಕೈ ತಾನಾಗಿಯೇ ಹೋಗಿತ್ತಂತೆ. ರಂಗೋಲಿಯ ಗೆರೆ ಹೊರಟಲ್ಲಿಗೆ ಬಂದು ಸೇರಬೇಕು, ಇಲ್ಲದಿದ್ದರೆ ಅಶುಭ. ಯಾವ ಪತ್ರಿಕೆಯ ದೋಷ ಹುಡುಕುವ ಪುಟದಲ್ಲೂ ಇದು ಇರಲಾರದು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಮುಖ ಚಿಕ್ಕದು ಮಾಡಿಕೊಂಡಿದ್ದರು, ಆಮೇಲೆ ಅವರೂ ನಕ್ಕರು. ಬ್ಲೇಡು ತೆಗೆದುಕೊಂಡು ಕಮಾನಿನ ನೆತ್ತಿಯನ್ನು ಕೆರೆದೆ. ತಾಮ್ರದ ಒಂದು ಎಳೆ ಸುರುಳಿಯಾಗಿ ಎದ್ದು ಬಂತು. ಮೀಟರಿನ ಮುಳ್ಳು ಈಗ ಕದಲಲಿಲ್ಲ.

ಪ್ರತಿ ಗುಂಡಿಯನ್ನೂ ಇಪ್ಪತ್ತಿಪ್ಪತ್ತು ಸಲ ಒತ್ತಿ ಗೀಟು ಹಾಕಿದೆ. ಒಂದೂ ತಪ್ಪಿಲ್ಲ. ಅಪ್ಪ ಸಂಜೆ ಬಂದು ತಾವೇ ಮೂರನ್ನು ಒತ್ತಿ ನೋಡಿದರು. "ಹ್ಞೂಂ" ಅಂದರು. ಪೆಟ್ಟಿಗೆಯನ್ನು ಮಾತ್ರ ಬಾಗಿಲ ಬಳಿಯಿಂದ ತೆಗೆಯಲಿಲ್ಲ.

ಭಾನುವಾರ ಬಿಸಿಬೇಳೆಬಾತಿನ ವಾಸನೆಯ ನಡುವೆ ಟಿವಿಯನ್ನು ಮೇಜಿನ ಮೇಲೆ ಇಟ್ಟೆವು. ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಕಂಪ್ಯೂಟರಿಗೆ ಇಳಿಯುವಾಗ ಕೀರಲು ಸದ್ದು ಹಾಲಿನ ತುಂಬಾ ಕೇಳಿಸಿತು. "ಯಾರ ಹಲ್ಲು ಕೀಳ್ತಾ ಇದ್ದೀರಿ?" ಎಂದು ಯಾರೋ ಕೇಳಿದರು. "ನಾನಿಲ್ಲೇ ಇದ್ದೇನೆ ಮಾರಾಯ್ರೆ, ಕೈಯಲ್ಲಿ ಗುಂಡಿ ಮಾತ್ರ" ಅಂದರು ಡೆಂಟಿಸ್ಟ್ ಆಂಟಿ.

ಮೊದಲಿನ ಪ್ರಶ್ನೆಗಳು ನಿರಾಳವಾಗಿ ಹೋದವು. ಆಮೇಲೆ ಪ್ರಶ್ನೆ ಓದುತ್ತಿದ್ದವರು ಕಾವೇರಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ಅದು ಯಾರಿಗೆ ಗೊತ್ತಿಲ್ಲ! ನಾಲ್ಕೂ ಮೇಜುಗಳು ಒಮ್ಮೆಗೇ ಎದ್ದವು. ಟಿವಿಯಲ್ಲಿ ಮೂರು.

ಮೈಸೂರಿನ ಮಾಮ ಎದ್ದು ನಿಂತರು. "ಸಾಧ್ಯವೇ ಇಲ್ಲ. ನಾನೇ ಫಸ್ಟು. ಎಲ್ಲರೂ ನೋಡಿದ್ದಾರೆ. ಪುಟ್ಟಿ, ನಿನ್ನ ಡಬ್ಬ ಸುಳ್ಳು ಹೇಳ್ತಿದೆ."

ಅಪ್ಪ ಕೊನೆಯ ಸಾಲಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ನನಗೆ ಗುರುವಾರದ ಪಟ್ಟಿ ನೆನಪಿತ್ತು. ಹಲಗೆ ಸರಿ, ಪ್ರೋಗ್ರಾಮು ಸರಿ, ಗುಂಡಿ ಸರಿ. ಹಾಗಾದರೆ ಒಂದನ್ನು ನಾನು ಪಟ್ಟಿಯಲ್ಲಿ ಬರೆದೇ ಇಲ್ಲ. ಒತ್ತುವವರು.

"ಮಾಮ, ಈಗ ಹೇಗೆ ಒತ್ತಿದ್ರಿ ಹಾಗೇ ಇನ್ನೊಂದು ಸಲ ಮಾಡ್ತೀರಾ? ನಾನು ಚಪ್ಪಾಳೆ ತಟ್ಟಿದಾಗ."

ಇಬ್ಬರೂ ತಯಾರಾದರು. ನಾನು ಚಪ್ಪಾಳೆ ತಟ್ಟಿದೆ. ಮಾಮನ ಬಲಗೈ ಮಿಂಚಿನಂತೆ ಮೇಲಕ್ಕೆ ಹೋಯಿತು, ಹೋದ ವರ್ಷದ ಹಾಗೇ ನೆಟ್ಟಗೆ ಸೂರಿನ ಕಡೆಗೆ. ಅಲ್ಲಿಂದ ಇಳಿದು ಬಂದು ಗುಂಡಿಯನ್ನು ಒತ್ತಿತು. ಟಿವಿಯಲ್ಲಿ ಅಷ್ಟರಲ್ಲಾಗಲೇ ಮೂರು.

"ನೀವು ಕೈ ಎತ್ತಿ ಇಳಿಸುವಷ್ಟರಲ್ಲಿ ನಾನು ಒತ್ತಿ, ಉತ್ತರ ಹೇಳಿ, ಊಟಕ್ಕೆ ಕೂತು ಆಯ್ತಲ್ಲ ಮಾರಾಯ್ರೆ!" ಎಂದರು ಆಂಟಿ. ಇಡೀ ಹಾಲ್ ನಕ್ಕಿತು. ಮಾಮ ತಮ್ಮ ಕೈಯನ್ನೇ ಬೇರೆಯವರದು ಎಂಬಂತೆ ನೋಡಿಕೊಂಡರು. "ಮೇಷ್ಟ್ರ ಕೈ ಅಲ್ವಾ, ಸ್ಕೂಲಿಂದ ಎತ್ತೀ ಎತ್ತೀ ಅಭ್ಯಾಸ" ಎಂದು ಅವರೂ ನಕ್ಕು ಕೂತರು. ಆಮೇಲಿನ ಪ್ರಶ್ನೆಗಳಿಗೆ ಎಡಗೈಯಿಂದ ಬಲಗೈಯನ್ನು ಹಿಡಿದು ಮೇಜಿಗೆ ಒತ್ತಿಕೊಂಡೇ ಆಡಿದರು. ಆ ವರ್ಷದ ಜಗಳದ ಸಾಲಿನಲ್ಲಿ ನನ್ನದು ಒಂದೇ ಗೀಟು.

ಮುಗಿದ ಮೇಲೆ ಅಮ್ಮ ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡು ಹೆಂಗಸರ ಗುಂಪಿನಲ್ಲಿದ್ದರು. "ಗೆರೆ ಎಲ್ಲಾ ನಂದೇ" ಎನ್ನುತ್ತಿದ್ದರು. ಆಂಟಿ ಬೆರಳಿಟ್ಟು, "ಇಲ್ಲಿ ಎಂತ ಕೆರೆದದ್ದು?" ಎಂದು ಕೇಳಿದಾಗ, "ಅದು ಮಾತ್ರ ಅವಳದು" ಅಂದರು.

ಅಪ್ಪ ಟಿವಿಯನ್ನು ಕಾರಿಗೆ ಸಾಗಿಸುತ್ತಿದ್ದರು. ನಾನು ಕಂಪ್ಯೂಟರನ್ನು ಪೆಟ್ಟಿಗೆಯಲ್ಲಿಟ್ಟು ಅದರ ಪಕ್ಕ ನಿಂತೆ. ಮಾಮನ ಕಾರೂ ಅಲ್ಲೇ ಇತ್ತು, ಡಿಕ್ಕಿ ತೆರೆದೇ ಇತ್ತು, ನಿಜವಾಗಿಯೂ ಖಾಲಿ ಮಾಡಿದ್ದರು.

"ಇದನ್ನ ಹತ್ತಿಸೋಣವಾ?" ಎಂದು ಮಾಮ ಪೆಟ್ಟಿಗೆಯ ಕಡೆ ಕೈ ತೋರಿಸಿ, ನನಗೆ ಕಣ್ಣು ಹೊಡೆದರು.

"ಯಾವುದನ್ನ?" ಎಂದರು ಅಪ್ಪ.

"ಬೇಡ ಬಿಡಯ್ಯಾ. ಇಷ್ಟು ನಿಯತ್ತಿರೋದು ನಮ್ಮನೆಗೆ ಬಂದ್ರೆ ನನ್ನ ಮಾತು ಯಾರೂ ಕೇಳಲ್ಲ."

ಅಪ್ಪ ನಮ್ಮ ಕಾರಿನ ಮುಂದಿನ ಬಾಗಿಲು ತೆರೆದರು. ಅದು ಯಾವಾಗಲೂ ಅಮ್ಮನ ಜಾಗ. ಅಮ್ಮನಿಗೆ ಹಿಂದೆ ಕೂರಲು ಹೇಳಿ ನನ್ನನ್ನು ಮುಂದೆ ಕೂರಿಸಿದರು, ಪೆಟ್ಟಿಗೆಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟರು. "ಹಿಡ್ಕೋ. ರಸ್ತೆಯಲ್ಲಿ ಗುಂಡಿ ಜಾಸ್ತಿ" ಅಂದರು. ಹೈರಿಡ್ಜ್ ಬರುವವರೆಗೂ ಅವರು ಅಷ್ಟು ನಿಧಾನವಾಗಿ ಕಾರು ಓಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.